ಟೀಚರ್ ಕೈಯ ಕೊನೆಯ ಸ್ನಾನ

ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ನಮ್ಮ ಬ್ಯಾರಿ ಮನೆಗಳ ಹೆಂಗಸರಿಗೆ ಎರಡು ಭಯಗಳಿವೆ. ಒಂದು, ಸಾಯುವುದು. ಇನ್ನೊಂದು, ಸತ್ತ ಮೇಲೆ ನನ್ನ ಚಿಕ್ಕಮ್ಮನ ಮಗಳ ಕೈಗೆ ಸಿಕ್ಕುವುದು. ಮೊದಲನೆಯದಕ್ಕೆ ಹೇಗಾದರೂ ಮನಸ್ಸು ಗಟ್ಟಿ ಮಾಡಿಕೊಳ್ಳಬಹುದು, ಎರಡನೆಯದೇ ಕಷ್ಟ ಎಂದು ನನ್ನ ಕಿವಿಯಲ್ಲಿ ಗುಟ್ಟಾಗಿ ಹೇಳಿದವರಲ್ಲಿ ನಾಲ್ಕು ಮಂದಿ ಈಗಾಗಲೇ ಎರಡನ್ನೂ ದಾಟಿ ಹೋಗಿದ್ದಾರೆ. ಅನುಭವ ಹೇಗಿತ್ತು ಎಂದು ಅವರನ್ನು ಕೇಳುವ ವ್ಯವಸ್ಥೆ ಇನ್ನೂ ಬಂದಿಲ್ಲ.

ವಿಷಯ ಇಷ್ಟೆ. ನಮ್ಮಲ್ಲಿ ಹೆಂಗಸು ತೀರಿಕೊಂಡರೆ ಹೆಂಗಸರೇ ಮೀಯಿಸಬೇಕು. ಹದವಾಗಿ ಬಿಸಿ ಮಾಡಿದ ನೀರು, ಸೋಪು, ಕೊನೆಗೆ ಕರ್ಪೂರ ಹಾಕಿದ ನೀರು, ಆಮೇಲೆ ಬಿಳಿಯ ಕಫನ್ ಬಟ್ಟೆ. ಈ ಕೆಲಸ ಬಲ್ಲವರು ಊರಿಗೆ ಒಬ್ಬಿಬ್ಬರು ಇರುತ್ತಾರೆ. ಸಾಮಾನ್ಯವಾಗಿ ಅವರು ಮಾತು ಕಡಿಮೆಯವರು. ತಲೆ ತಗ್ಗಿಸಿ ಬಂದು ತಲೆ ತಗ್ಗಿಸಿ ಹೋಗುವವರು. ನಮ್ಮ ಪಾಲಿಗೆ ಬಂದವಳು ಮಾತ್ರ ಮಡಂತ್ಯಾರಿನ ಆಚೆಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಬಯಾಲಜಿ ಕಲಿಸಿ ರಿಟೈರ್ ಆದ ಟೀಚರ್. ರಿಟೈರ್ ಆದದ್ದು ಹಾಜರಿ ಪುಸ್ತಕದಿಂದ ಮಾತ್ರ, ಪಾಠದಿಂದಲ್ಲ. ಸ್ಕೂಲಿನಲ್ಲಿ ಇವಳ ಪಾಠದ ನಡುವೆ ಮಕ್ಕಳು ನೀರು ಕುಡಿಯಲಿಕ್ಕೆ ಎಂದು ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದರಂತೆ. ಈಗ ಆ ಚಿಂತೆ ಇಲ್ಲ. ತರಗತಿಯಲ್ಲಿ ಒಬ್ಬರಾದರೂ ಎದ್ದು ಹೋಗದೆ ಪೂರ್ತಿ ಕೇಳುತ್ತಾರೆ.

ಎಲ್ಲರಂತೆ ನಾನೂ ಅವಳನ್ನು ಟೀಚರ್ ಎಂದೇ ಕರೆಯುವುದು. ಅವಳು ನನ್ನನ್ನು ಕರೆಯುವುದು 'ಕಾನ್ವೆಂಟ್' ಎಂದು. ನನಗೆ ಎಂಟು ವರ್ಷವಾದಾಗ ಬಾಪ ನನ್ನನ್ನು ಮಂಗಳೂರಿನ ಸಿಸ್ಟರ್‌ಗಳ ಬೋರ್ಡಿಂಗಿಗೆ ಹಾಕಿದರು. ಅವಳು ನಮ್ಮೂರು ನರಿಕೊಂಬಿನ ಕನ್ನಡ ಶಾಲೆಯಲ್ಲೇ ಉಳಿದಳು. ಆ ಕೋಪವೋ ತಮಾಷೆಯೋ, ಈಗ ಎಪ್ಪತ್ತೆರಡು ವರ್ಷದ ನನ್ನನ್ನು ಎಪ್ಪತ್ನಾಲ್ಕು ವರ್ಷದ ಅವಳು ಬಿ.ಸಿ. ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಅಷ್ಟು ಜನರ ಎದುರು "ಏ ಕಾನ್ವೆಂಟ್, ಬೇಗ ನಡಿ ಮಾರಾಯ್ತಿ, ಸತ್ತವರು ಕಾಯ್ತಾರೆ, ಬಸ್ಸು ಕಾಯುವುದಿಲ್ಲ" ಎಂದು ಕೂಗುತ್ತಾಳೆ. ಸಿಸ್ಟರ್‌ಗಳು ನನಗೆ ಪಬ್ಲಿಕ್ಕಿನಲ್ಲಿ ಧ್ವನಿ ಏರಿಸಬಾರದೆಂದು ಕಲಿಸಿದ್ದಾರೆ. ಆದ್ದರಿಂದ ನಾನು ಸುಮ್ಮನೆ ನಡೆಯುತ್ತೇನೆ.

ನಾನೇಕೆ ಜೊತೆಗೆ ಹೋಗುತ್ತೇನೆ? ಅದನ್ನು ನನ್ನ ಮಗಳೂ ಕೇಳುತ್ತಾಳೆ. ಗಂಡ ತೀರಿಹೋದ ವರ್ಷ, ಮನೆಯೊಳಗೆ ಕೂತು ಕೂತು ನಾನು ಗೋಡೆಯ ಬಣ್ಣಕ್ಕೆ ತಿರುಗುತ್ತಿದ್ದಾಗ, ಟೀಚರ್ ಬಂದು "ಸುಮ್ಮನೆ ಕೂತು ಮಾಡುವುದೆಂತ? ನನ್ನ ಬ್ಯಾಗ್ ಹಿಡಿ, ಹೋಗುವ" ಎಂದಳು. ಅಂದಿನಿಂದ ನಾನು ಬ್ಯಾಗ್ ಹಿಡಿಯುವವಳು. ಬ್ಯಾಗಿನಲ್ಲಿ ಹತ್ತಿ, ಕರ್ಪೂರ, ಗ್ಲೌಸು, ಕತ್ತರಿ, ಮತ್ತು ಯಾಕೋ ಗೊತ್ತಿಲ್ಲ, ಯಾವಾಗಲೂ ಒಂದು ಚಾಕ್‌ಪೀಸು ಇರುತ್ತದೆ. ಒಳಗೆ ನನ್ನ ಕೆಲಸ ಗೋಡೆಯನ್ನು ನೋಡುತ್ತಾ ನೀರಿನ ಚೊಂಬು ದಾಟಿಸುವುದು. ಗರ್ಲ್ಸ್, ಡೋಂಟ್ ಸ್ಟೇರ್ ಎಂಬ ಸಿಸ್ಟರ್ ಮಾತನ್ನು ನಾನು ಇಷ್ಟು ಕಟ್ಟುನಿಟ್ಟಾಗಿ ಬೋರ್ಡಿಂಗಿನಲ್ಲೂ ಪಾಲಿಸಿದವಳಲ್ಲ.

ಮೊದಲ ಬಾರಿ ಹೋದದ್ದು ಬೆಳ್ತಂಗಡಿಯ ಕಡೆಯ ಒಂದು ಮನೆಗೆ. (ಊರು, ಮನೆ ಎಲ್ಲ ಸ್ವಲ್ಪ ಅದಲು ಬದಲು ಮಾಡಿಯೇ ಬರೆಯುತ್ತಿದ್ದೇನೆ, ದಯವಿಟ್ಟು ಹುಡುಕಲು ಹೋಗಬೇಡಿ.) ಸೊಸೆಯೊಬ್ಬಳು ಬಾಗಿಲಲ್ಲಿ ನಿಂತು, "ಟೀಚರ್, ಉಗುರು ಚೆನ್ನಾಗಿ ಒಳಗೆ ಮಾಡಿ ಕತ್ತರಿಸಿ. ಮಣ್ಣಿನೊಳಗೆ ಹೋದ ಮೇಲೂ ಬೆಳೀತಾ ಹೋಗ್ತದಂತೆ" ಎಂದಳು.

ಟೀಚರ್ ಕೈ ನಿಲ್ಲಿಸಿದಳು. ಟೀಚರ್ ಕೈ ನಿಲ್ಲಿಸಿದಳೆಂದರೆ ಪಾಠ ಶುರುವಾಯಿತೆಂದು ಅರ್ಥ. ಅದು ನನಗೆ ಆಗಿನ್ನೂ ಗೊತ್ತಿರಲಿಲ್ಲ.

"ಮನೆಯಲ್ಲಿ ಕೊಬ್ಬರಿ ಒಣಗಿಸಿದ್ದುಂಟಾ?"

"ಉಂಟು."

"ಒಣಗಿದ ಮೇಲೆ ತೆಂಗಿನಕಾಯಿ ಅಲ್ಲಾಡಿಸಿದರೆ ಒಳಗೆ ಗಡಗಡ ಹೇಳ್ತದೆ. ಚಿಪ್ಪು ಬೆಳೆದದ್ದಾ, ಕೊಬ್ಬರಿ ಕುಗ್ಗಿದ್ದಾ?"

"ಕೊಬ್ಬರಿ ಕುಗ್ಗಿದ್ದು."

"ಇದೂ ಅಷ್ಟೇ. ಉಗುರು ಬೆಳೆಯಲಿಕ್ಕೆ ರಕ್ತ ಬೇಕು, ಊಟ ಬೇಕು. ಸತ್ತ ಮೇಲೆ ಚರ್ಮ ಒಣಗಿ ಹಿಂದೆ ಸರಿಯುತ್ತದೆ, ಉಗುರು ಉದ್ದ ಕಾಣುತ್ತದೆ. ಕೂದಲೂ ಹಾಗೆಯೇ. ಬದುಕಿದ್ದಾಗ ಇವರಿಗೆ ಸರಿ ಊಟ ಹಾಕಿದ್ದರೆ ಆಗ ಬೆಳೀತಿತ್ತು, ಈಗ ಎಂತ ಬೆಳೆಯುವುದು?"

ಸೊಸೆ ಬಾಗಿಲಿನಿಂದ ಮಾಯವಾದಳು. ನಾನು ಗೋಡೆ ನೋಡುತ್ತಿದ್ದವಳು ಸ್ವಲ್ಪ ಹೊತ್ತು ಚೊಂಬು ಕೊಡುವುದನ್ನೇ ಮರೆತೆ. ನಮ್ಮ ಬೋರ್ಡಿಂಗಿನ ಹಿಂದೆ ಸಿಸ್ಟರ್‌ಗಳ ಸ್ಮಶಾನವಿತ್ತು. ಅಲ್ಲಿ ಮಲಗಿರುವ ಹಳೆಯ ಮದರ್ ಸುಪೀರಿಯರ್ ಕೂದಲು ಮಣ್ಣಿನೊಳಗೇ ಬೆಳೆದು ಬೆಳೆದು ನಮ್ಮ ಡಾರ್ಮಿಟರಿಯ ಮೆಟ್ಟಿಲಿನ ಅಡಿಗೆ ಬಂದಿದೆಯೆಂದು ಸೀನಿಯರ್ ಹುಡುಗಿಯರು ಹೇಳಿದ್ದರು. ಆ ಮೆಟ್ಟಿಲನ್ನು ನಾನು ಏಳು ವರ್ಷ ಹಾರಿ ದಾಟಿದ್ದೇನೆ. ಎಷ್ಟು ಚಂದದ ಹೆದರಿಕೆಯಾಗಿತ್ತು ಅದು. ಟೀಚರ್ ಒಂದು ತೆಂಗಿನಕಾಯಿ ಅಲ್ಲಾಡಿಸಿ ಅದನ್ನು ಮುಗಿಸಿಬಿಟ್ಟಳು.

ಆ ದಿನವೇ ನಾನು ಒಂದು ನಿರ್ಧಾರ ಮಾಡಿದೆ. ನನ್ನ ಬಳಿ ಇನ್ನೊಂದು ಇದೆ. ಅದನ್ನು ಇವಳ ಕೈಗೆ ಮಾತ್ರ ಕೊಡಬಾರದು.

ಅದು ಏನೆಂದು ನಿಮಗೆ ಹೇಳುತ್ತೇನೆ. ನೀವು ಬಯಾಲಜಿ ಟೀಚರ್ ಅಲ್ಲವೆಂಬ ನಂಬಿಕೆಯಿಂದ.

ನನಗೆ ಹನ್ನೊಂದು ವರ್ಷವಾಗಿದ್ದಾಗ ನನ್ನ ತಾಯಿ, ಉಮ್ಮ, ತೀರಿಕೊಂಡರು, ನರಿಕೊಂಬಿನ ಮನೆಯಲ್ಲಿ, ಬೆಳಗಿನ ಜಾವ. ನಾನು ಬೋರ್ಡಿಂಗಿನಲ್ಲಿದ್ದೆ. ನನ್ನನ್ನು ಕರೆತರಲು ಜೀಪು ಕಳುಹಿಸಿ, ನಾನು ಬಂದು ತಲುಪುವಾಗ ಮಧ್ಯಾಹ್ನ ದಾಟಿತ್ತು. ಉಮ್ಮ ಕಣ್ಣು ಮುಚ್ಚಿ ಮಲಗಿದ್ದರು. ನೆರೆದ ಹೆಂಗಸರೆಲ್ಲ ನನ್ನನ್ನು ತಬ್ಬಿ ಒಂದೇ ಮಾತು ಹೇಳಿದರು. ಬೆಳಗ್ಗಿನಿಂದ ಕಣ್ಣು ತೆರೆದೇ ಇತ್ತು, ಎಷ್ಟು ಮುಚ್ಚಿಸಿದರೂ ಮತ್ತೆ ತೆರೆಯುತ್ತಿತ್ತು, ಬಾಗಿಲು ನೋಡುತ್ತಾ ನಿನ್ನನ್ನೇ ಕಾಯುತ್ತಿದ್ದಳು, ನೀನು ಅಂಗಳಕ್ಕೆ ಕಾಲಿಟ್ಟದ್ದೇ ತಾನಾಗಿ ಮುಚ್ಚಿದಳು.

ಅದೊಂದೇ ನನಗೆ ಉಮ್ಮ ಬಿಟ್ಟುಹೋದದ್ದು. ಅವರ ಮುಖ ಈಗ ಸರಿಯಾಗಿ ನೆನಪಿಲ್ಲ, ಫೋಟೊ ಒಂದೂ ಇಲ್ಲ. ಆದರೆ ನಾನು ಬರುವವರೆಗೆ ಕಾದು, ಬಂದದ್ದನ್ನು ಹೇಗೋ ತಿಳಿದು, ಆಮೇಲೆ ಕಣ್ಣು ಮುಚ್ಚಿದರು ಎಂಬುದು ಇದೆ. ಅರವತ್ತೊಂದು ವರ್ಷ ಅದನ್ನು ನಾನು ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದೇನೆ.

ಆ ದಿನದ ಇನ್ನೊಂದು ನೆನಪೂ ಇದೆ, ಅದು ಟೀಚರ್‌ದ್ದು. ನಾನು ಅಳುತ್ತಾ ಇವಳನ್ನು ಹುಡುಕಿಕೊಂಡು ಹಿತ್ತಿಲಿಗೆ ಓಡಿದೆ. ಹದಿಮೂರು ವರ್ಷದ ಈ ಮಹಾತಾಯಿ ಬಾವಿಕಟ್ಟೆಯ ಬಳಿ ಕುಕ್ಕರುಗಾಲಲ್ಲಿ ಕೂತು ಸೊರಸೊರ ಗಂಜಿ ಕುಡಿಯುತ್ತಿದ್ದಳು. ನನ್ನನ್ನು ನೋಡಿ ಬಟ್ಟಲು ಕೆಳಗಿಟ್ಟು ನನ್ನ ಕೈ ಹಿಡಿದಳು. ಬೆರಳೆಲ್ಲ ನೀರಲ್ಲಿ ನೆನೆದು ಬಿಳಿಚಿ ಸುಕ್ಕುಗಟ್ಟಿದ್ದವು, ಪಾತ್ರೆ ತೊಳೆಯುತ್ತಿದ್ದಳೇನೋ. ಒಂದು ಮಾತೂ ಆಡಲಿಲ್ಲ. ಹೋಗಿ ಮತ್ತೆ ಗಂಜಿ ಕುಡಿದಳು. ನನ್ನ ಉಮ್ಮ ಸತ್ತ ದಿನ ಗಂಜಿ ಇಳಿದ ಗಂಟಲು ಅದು. ಮುಂದೆ ಇವಳು ಯಾವ ಕೆಲಸಕ್ಕೆ ಹೊರಟಾಳೆಂದು ನನಗೆ ಆಗಲೇ ಗೊತ್ತಾಗಬೇಕಿತ್ತು.

ಹೀಗಾಗಿ ಟೀಚರ್ ಜೊತೆ ಹೋಗುವಾಗಲೆಲ್ಲ ನಾನು ಎರಡು ಬ್ಯಾಗ್ ಹಿಡಿದುಕೊಂಡು ಹೋಗುತ್ತಿದ್ದೆ. ಒಂದು ಅವಳದ್ದು, ಇನ್ನೊಂದು ಅವಳಿಗೆ ಕಾಣದ್ದು.

ಮಡಂತ್ಯಾರಿನಲ್ಲಿ ಒಮ್ಮೆ ದೊಡ್ಡ ತಮಾಷೆಯಾಯಿತು. ಸಾವಿನ ಮನೆಯಲ್ಲಿ ತಮಾಷೆ ಎನ್ನಬಾರದು, ಐ ನೋ. ಆದರೆ ಆರು ಮಂದಿ ಗಟ್ಟಿಮುಟ್ಟು ಹೆಂಗಸರು ಒಂದೇ ಬಾಗಿಲಿನಿಂದ ಒಟ್ಟಿಗೆ ಹೊರಗೆ ಹೋಗಲು ನೋಡಿದರೆ ಅದಕ್ಕೆ ಬೇರೆ ಶಬ್ದ ನನಗೆ ಸಿಸ್ಟರ್‌ಗಳು ಕಲಿಸಿಲ್ಲ. ಮೀಯಿಸುವಾಗ ಮೈಯನ್ನು ಮೆಲ್ಲ ಎಡಕ್ಕೆ ಹೊರಳಿಸಿದ್ದೇ, ಗಂಟಲಿನಿಂದ ಉದ್ದಕ್ಕೆ ಒಂದು "ಹ್ಞಾಂ..." ಎಂಬ ಸ್ವರ ಬಂತು. ಮರುಕ್ಷಣ ಕೋಣೆಯಲ್ಲಿ ಉಳಿದವರು ಮೂವರು: ಟೀಚರ್, ನಾನು, ಮತ್ತು ಸ್ವರ ಹೊರಡಿಸಿದವರು. ನನ್ನ ಧೈರ್ಯವನ್ನು ಹೊಗಳಬೇಡಿ. ನನ್ನ ಸೆರಗು ಮಂಚದ ಕಾಲಿನಡಿ ಸಿಕ್ಕಿಕೊಂಡಿತ್ತು.

"ಹಾರ್ಮೋನಿಯಂ ಒತ್ತಿದರೆ ಸ್ವರ ಬರುವುದಿಲ್ಲವಾ?" ಟೀಚರ್ ಖಾಲಿ ಬಾಗಿಲಿಗೆ ಪಾಠ ಮಾಡಿದಳು. "ಶ್ವಾಸಕೋಶದಲ್ಲಿ ಉಳಿದ ಗಾಳಿ, ಹೊರಳಿಸುವಾಗ ಗಂಟಲು ದಾಟಿ ಬಂತು. ಅಷ್ಟೇ. ಸತ್ತವರು ಎದ್ದು ಕೂರುವುದಿಲ್ಲ. ಎದ್ದು ಕೂರಲಿಕ್ಕೆ ಬದುಕಿದ್ದಾಗಲೇ ಇವರಿಗೆ ಇಬ್ಬರು ಹಿಡಿಯಬೇಕಿತ್ತು."

ಸ್ವಲ್ಪ ಹೊತ್ತಿನ ನಂತರ ಬಾಗಿಲ ಸಂದಿಯಲ್ಲಿ ಒಂದು ಮುಖ ಕಾಣಿಸಿತು. "ಟೀಚರ್, ಅವರು ಎಂತಾದರೂ ಹೇಳಿದರಾ?"

"ಹೇಳಿದರು."

"ಯಾ ಅಲ್ಲಾ. ಎಂತ ಹೇಳಿದರು?"

"ಮೊದಲು ಓಡಿದ್ದು ಯಾರು ಅಂತ ಕೇಳಿದರು."

ಇನ್ನು ಬೇರೊಂದು ಮನೆಯಲ್ಲಿ ಶವದ ಮಂಚ ಹೊತ್ತ ಗಂಡಸರ ಕಥೆ. ಮಣ್ಣು ಮಾಡಿ ಮಸೀದಿಯಿಂದ ಬಂದವರು ಜಗಲಿಯಲ್ಲಿ ಕೂತು, "ಎಂಥ ಪುಣ್ಯವಂತೆ, ಮಂಚ ಹೂವಿನ ಹಾಗೆ ಹಗುರ ಇತ್ತು" ಎಂದರು. ಕಿಟಕಿಯ ಒಳಗಿನಿಂದ ಟೀಚರ್ ಸ್ವರ ಬಂತು: "ಇಪ್ಪತ್ತು ವರ್ಷ ಶುಗರ್ ಇದ್ದವರು, ಮೂವತ್ತೆಂಟು ಕಿಲೋ. ಹಗುರ ಇಲ್ಲದೆ ಮತ್ತೆಂತ? ಸ್ವರ್ಗಕ್ಕೆ ಹೋಗಲಿಕ್ಕೆ ಡಯಟ್ ಸಾಕು ಅಂತಾದರೆ ನಾವೆಲ್ಲ ಸುಮ್ಮನೆ ರಂಜಾನಿನ ನೋಂಬು ಹಿಡಿದೆವು." ಗಂಡಸರು ಚಹಾ ಅರ್ಧಕ್ಕೆ ಬಿಟ್ಟು ಎದ್ದರು.

ನೋಡಿ, ಹೀಗೆ. ಯಾರಾದರೂ ಕಷ್ಟಪಟ್ಟು ಒಂದು ಸಮಾಧಾನ ಕಟ್ಟಿಕೊಂಡರೆ ಸಾಕು, ಇವಳು ಹೋಗಿ ಅದರ ಪಾಯ ಅಗೆಯುತ್ತಾಳೆ. ಸತ್ತವರ ಮುಖದಲ್ಲಿ ನಗು ಕಂಡರೆ "ಸ್ನಾಯು ಸಡಿಲಾದದ್ದು". ಗಟ್ಟಿಯಾದ ಬೆರಳುಗಳು ಮರುದಿನ ಮೆತ್ತಗಾದವು, ಒಳ್ಳೆಯ ಮರಣ ಎಂದರೆ "ಎಲ್ಲರಿಗೂ ಮೊದಲು ಗಟ್ಟಿಯಾಗ್ತದೆ, ಆಮೇಲೆ ಮೆತ್ತಗಾಗ್ತದೆ, ಒಳ್ಳೆಯವರಿಗೂ ಕೆಟ್ಟವರಿಗೂ ಟೈಮ್‌ಟೇಬಲ್ ಒಂದೇ". ಬಸ್ಸಿನಲ್ಲಿ ಒಮ್ಮೆ ತಾನಾಗಿಯೇ "ಕಾನ್ವೆಂಟ್, ಈ ಕಣ್ಣಿನ ವಿಷಯ ಉಂಟಲ್ಲ, ಅದರಲ್ಲಿ ಜನರಿಗೆ..." ಎಂದು ಶುರು ಮಾಡಿದಳು. ನಾನು ಅವಸರದಲ್ಲಿ ಬಾಯಿ ಹಾಕಿ, "ಟೀಚರ್, ಇವತ್ತು ಬಂಗುಡೆ ಮೀನು ಸಿಕ್ಕೀತಾ?" ಎಂದೆ. ಅವಳು ನನ್ನ ಮುಖ ನೋಡಿ, "ಸಿಕ್ಕೀತು" ಎಂದು ಸುಮ್ಮನಾದಳು. ಆಮೇಲೆ ಬಿ.ಸಿ. ರೋಡಿನವರೆಗೂ ಸುಮ್ಮನಿದ್ದಳು. ಅದು ವಿಚಿತ್ರವೆಂದು ನನಗೆ ಆಗ ಹೊಳೆಯಲಿಲ್ಲ. ಬಂಗುಡೆಯ ಶಕ್ತಿ ಎಂದುಕೊಂಡೆ.

ಅವಳ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳಬೇಕು, ಇಲ್ಲವಾದರೆ ಸಿಸ್ಟರ್‌ಗಳು ನನಗೆ ಕಲಿಸಿದ ಫೇರ್‌ನೆಸ್ ಎಲ್ಲಿ ಹೋಯಿತು? ಮೀಯಿಸಿದವಳು ತಾನು ಕಂಡದ್ದನ್ನು ಹೊರಗೆ ಹೇಳಬಾರದೆಂಬುದು ನಮ್ಮಲ್ಲಿ ಹಿಂದಿನಿಂದ ಬಂದ ನಿಯಮ. ಸತ್ತವರ ಮೈಯ ಗುಟ್ಟು ಮೀಯಿಸಿದವಳೊಂದಿಗೇ ಮಣ್ಣಾಗಬೇಕು. ಇಷ್ಟು ಮಾತಿನ ಮಲ್ಲಿ, ಇಷ್ಟು ವರ್ಷಗಳಲ್ಲಿ, ಯಾರ ಮೈ ಹೇಗಿತ್ತೆಂದು ಬ್ಯಾಗ್ ಹಿಡಿದ ನನಗೂ ಒಂದಕ್ಷರ ಹೇಳಿದವಳಲ್ಲ. ಎಲ್ಲರ ದೇಹದ ಬಗ್ಗೆ ಮಾತಾಡುತ್ತಾಳೆ. ಒಬ್ಬರ ದೇಹದ ಬಗ್ಗೆ ಇಲ್ಲ.

ಮಿಜಾರಿನಲ್ಲಿ ಈ ನಿಯಮ ಮುರಿಯಿತು, ಇವಳಿಂದಲ್ಲ. ಅಲ್ಲಿ ಒಂದು ಮನೆಯ ಅತ್ತೆ ನಿದ್ದೆಯಲ್ಲೇ ತೀರಿಹೋಗಿದ್ದರು. ಸಹಾಯಕ್ಕೆ ಒಳಗೆ ಬಂದ ಹೆಂಗಸೊಬ್ಬಳು ಹೊರಗೆ ಹೋಗಿ, "ಬೆನ್ನೆಲ್ಲ ನೀಲಿ. ಸೊಸೆ ಎಂತ ಮಾಡಿದ್ದಳೋ" ಎಂದು ಉಸುರಿದಳು. ಆ ಉಸುರು ಜಗಲಿ ದಾಟಿ ಗೇಟಿಗೆ, ಗೇಟು ದಾಟಿ ಮೂಡುಬಿದಿರೆಗೆ ಹೋಗಿ ತಿರುಗಿ ಬರುವಾಗ, ಸೊಸೆ ಒನಕೆಯಲ್ಲಿ ಹೊಡೆದದ್ದೆಂದು ಆಗಿತ್ತು. ಆ ಮನೆಯಲ್ಲಿ ಒನಕೆ ಇಲ್ಲ, ಮಿಕ್ಸಿ ಇದ್ದದ್ದು. ಸತ್ತವರ ತಮ್ಮಂದಿರು ಮುಖ ಗಂಟಿಕ್ಕಿಕೊಂಡರು. ಸೊಸೆ ಅಡಿಗೆಮನೆಯ ಮೂಲೆಯಲ್ಲಿ ಕಲ್ಲಾಗಿ ಕೂತಿದ್ದಳು.

ಟೀಚರ್ ಕೈ ಒರೆಸಿಕೊಂಡು ಹೊರಗೆ ಬಂದಳು. ನೀರಿನ ಖಾಲಿ ಬಾಟಲಿಗೆ ಅಂಗಳದ ಕೆಂಪು ಮಣ್ಣು ಒಂದು ಹಿಡಿ ಹಾಕಿ, ನೀರು ತುಂಬಿಸಿ, ಗಲಗಲ ಕುಲುಕಿ, ಜಗಲಿಯ ಬೆಂಚಿನ ಮೇಲೆ ಅಡ್ಡ ಮಲಗಿಸಿದಳು. "ಹತ್ತು ನಿಮಿಷ ಯಾರೂ ಮಾತಾಡಬಾರದು" ಎಂದಳು. ಅವಳ ಕೈಯಲ್ಲಿ ಎಂಟನೇ ಕ್ಲಾಸಿನಲ್ಲಿ ಪೆಟ್ಟು ತಿಂದವರು ಅಲ್ಲಿ ನಾಲ್ಕು ಮಂದಿ ಇದ್ದರು, ಯಾರೂ ಮಾತಾಡಲಿಲ್ಲ. ಹತ್ತು ನಿಮಿಷದಲ್ಲಿ ಮಣ್ಣೆಲ್ಲ ಬಾಟಲಿಯ ಕೆಳಮೈಗೆ ಇಳಿದು ಕೂತಿತು. ಮೇಲೆ ತಿಳಿ ನೀರು.

"ಇದನ್ನು ಯಾವ ಸೊಸೆ ಹೊಡೆದದ್ದು?" ಎಂದಳು.

ಬೆರಳಿನಿಂದ ಬಾಟಲಿಯ ಕೆಳಮೈ ತೋರಿಸಿದಳು.

"ಹೃದಯ ನಿಂತ ಮೇಲೆ ರಕ್ತ ತಿರುಗುವುದಿಲ್ಲ. ಕೆಳಗಿರುವ ಕಡೆಗೆ ಇಳಿದು ಕೂರುತ್ತದೆ. ಅಂಗಾತ ಮಲಗಿದರೆ ಬೆನ್ನಿಗೆ. ಹಾಸಿಗೆಗೆ ಒತ್ತಿದ ಜಾಗ ಮಾತ್ರ ಬಿಳಿ. ಯಾರ ಬೆನ್ನು ಅಂತ ನಾನು ಹೇಳುವುದಿಲ್ಲ. ಎಲ್ಲರ ಬೆನ್ನು. ನಾಳೆ ನಿಮ್ಮದು ಸಹ, ನಿಮ್ಮ ಸೊಸೆಯಂದಿರು ಎಷ್ಟು ಒಳ್ಳೆಯವರಾದರೂ."

ತಮ್ಮಂದಿರು ಎದ್ದು ಮಂಚಕ್ಕೆ ಹೆಗಲು ಕೊಟ್ಟರು. ಸೊಸೆ ಬಂದು ಟೀಚರ್ ಕೈ ಹಿಡಿದುಕೊಂಡಳು. ಟೀಚರ್, "ಒಂದು ಚಾ ಕೊಡು. ಸಕ್ಕರೆ ಬೇಡ" ಎಂದಳು. ಉಸುರಿದ ಹೆಂಗಸನ್ನು ಆಮೇಲೆ ಯಾವ ಮನೆಗೂ ಒಳಗೆ ಸೇರಿಸಲಿಲ್ಲ. ಬಹುಶಃ ಅವಳು ಸತ್ತ ದಿನ ಸೇರಿಸಿಯಾಳು.

ಆ ದಿನ ಬಸ್ಸಿನಲ್ಲಿ ನನಗೆ ಟೀಚರ್ ಬಗ್ಗೆ ತುಂಬಾ ಹೆಮ್ಮೆಯಾಯಿತು. ಹೆಮ್ಮೆಯ ಜೊತೆಗೆ ಹೆದರಿಕೆಯೂ ಹೆಚ್ಚಾಯಿತು. ಮಿಜಾರಿನವರ ಸುಳ್ಳನ್ನು ಬಾಟಲಿಯಲ್ಲಿ ತುಂಬಿಸಿ ಮಲಗಿಸಿದವಳಿಗೆ ನನ್ನದು ಯಾವ ಲೆಕ್ಕ? ತಡೆಯಲಾರದೆ ಮೊಮ್ಮಗಳ ಫೋನಿನಲ್ಲಿ ಕದ್ದು ಹುಡುಕಿದೆ. ರೆಪ್ಪೆ ಮುಚ್ಚಲಿಕ್ಕೂ ಸ್ನಾಯು ಕೆಲಸ ಮಾಡಬೇಕಂತೆ. ಸತ್ತ ಮೇಲೆ ಸ್ನಾಯು ಸಡಿಲವಾಗಿ ಎಷ್ಟೋ ಜನರ ಕಣ್ಣು ಅರ್ಧ ತೆರೆದೇ ಇರುತ್ತದಂತೆ. ಯಾರನ್ನೂ ಕಾಯುವುದಲ್ಲವಂತೆ. ಯಾರಾದರೂ ಹಿಡಿದು ಮುಚ್ಚಬೇಕು, ತಾನಾಗಿ ಮುಚ್ಚುವುದಿಲ್ಲ ಎಂಬಲ್ಲಿಗೆ ಬಂದಾಗ ಫೋನನ್ನು ಮಗುಚಿ ಇಟ್ಟೆ. ತಾನಾಗಿ ಮುಚ್ಚುವುದಿಲ್ಲ. ಹಾಗಾದರೆ ಅಷ್ಟು ಮಂದಿ ಹೆಂಗಸರು ತಾಯಿ ಸತ್ತ ಒಂದು ಹುಡುಗಿಗೆ ಸುಳ್ಳು ಹೇಳಿದ್ದರೇ? ಟೀಚರನ್ನು ಕೇಳಿದರೆ ಉತ್ತರ ಸಿಗುತ್ತಿತ್ತು. ಅದಕ್ಕೇ ಕೇಳಲಿಲ್ಲ.

ಹೋದ ತಿಂಗಳು ಕರೆ ಬಂದದ್ದು ನರಿಕೊಂಬಿನಿಂದಲೇ. ನನ್ನ ತವರಿನಿಂದ ನಾಲ್ಕು ಮನೆ ಆಚೆ. ಮನೆಯ ಹಿರಿಯ ಹೆಂಗಸು ಬೆಳಗ್ಗಿನ ನಮಾಜಿನ ಹೊತ್ತಿಗೆ ತೀರಿಹೋಗಿದ್ದಾರೆ, ಕಾಯಿಲೆ ಜೋರೆಂದು ಕೇಳಿ ಮಗಳು ರಾತ್ರಿಯೇ ಗಲ್ಫಿನ ದಮ್ಮಾಮಿನಿಂದ ಹೊರಟಿದ್ದಾಳೆ, ಮಧ್ಯಾಹ್ನ ಮಂಗಳೂರಿನಲ್ಲಿ ಇಳಿಯುತ್ತಾಳೆ, ಅವಳು ಬಂದ ಮೇಲೆಯೇ ಮೀಯಿಸುವುದು ಎಂದರು. ಟೀಚರ್ ಹಾಗಿದ್ದರೂ ಬೇಗನೆ ಹೊರಟಳು, ಬೆಳಗ್ಗಿನ ತಿಂಡಿಯನ್ನೂ ತಿನ್ನದೆ.

ಕೋಣೆಗೆ ಕಾಲಿಟ್ಟ ನಾನು ಅಲ್ಲೇ ನಿಂತೆ. ಮಲಗಿದವರ ಕಣ್ಣು ಅರ್ಧ ತೆರೆದಿತ್ತು. ಸುತ್ತ ಕೂತವರಲ್ಲಿ ಒಬ್ಬಳು ಆಗಲೇ ಶುರು ಮಾಡಿದ್ದಳು: "ಮುಚ್ಚಿಸಿ ಮುಚ್ಚಿಸಿ ಸಾಕಾಯಿತು. ಬಾಗಿಲನ್ನೇ ನೋಡ್ತಾ ಇದ್ದಾರೆ. ಮಗಳನ್ನು ಕಾಯುವುದು, ಪಾಪ."

ಬಂತು, ಎಂದುಕೊಂಡೆ. ಇನ್ನು ಎರಡು ನಿಮಿಷದಲ್ಲಿ ಪಾಠ. ಸ್ನಾಯು, ರೆಪ್ಪೆ, ಸಡಿಲು. ನನ್ನ ಅರವತ್ತೊಂದು ವರ್ಷ ಇಲ್ಲೇ, ನನ್ನ ತವರಿನ ನಾಲ್ಕು ಮನೆ ಆಚೆ, ಮುಗಿಯಿತು. ಹೊರಗೆ ಹೋಗಲೆಂದು ನಾನು ತಿರುಗಿದೆ.

ಟೀಚರ್ ಕೈ ನಿಲ್ಲಿಸಲಿಲ್ಲ. "ಎಲ್ಲರೂ ಹೊರಗೆ ಹೋಗಿ. ಗಾಳಿ ಬೇಕು" ಎಂದಳು.

"ಮಯ್ಯಿತಿಗೆ ಗಾಳಿ ಎಂತಕ್ಕೆ ಟೀಚರ್?"

"ಸತ್ತವರಿಗಲ್ಲ, ನನಗೆ. ಕಾನ್ವೆಂಟ್, ನೀನು ಇರು. ಬಾಗಿಲು ಹಾಕು."

ಬ್ಯಾಗಿನಿಂದ ಹತ್ತಿ ತೆಗೆದು ನೀರಿನಲ್ಲಿ ಅದ್ದಿ ಹಿಂಡಿದಳು. ತಲೆಯ ಬಳಿ ನೆಲದ ಮೇಲೆ ಕೂತಳು. ರೆಪ್ಪೆಗಳನ್ನು ಮೆಲ್ಲನೆ ಕೆಳಗೆ ಎಳೆದು, ಮೇಲೆ ಒದ್ದೆ ಹತ್ತಿಯಿಟ್ಟು, ಎರಡು ಬೆರಳು ಎರಡು ಕಣ್ಣಿನ ಮೇಲಿಟ್ಟಳು. ಇಟ್ಟ ಕೈಯನ್ನು ತೆಗೆಯಲಿಲ್ಲ. ಆಗಾಗ ಹತ್ತಿ ಬದಲಿಸುತ್ತಿದ್ದಳು, ಮತ್ತೆ ಅದೇ ಬೆರಳು. ಗಂಟೆ ಕಳೆಯಿತು. ಎರಡು ಗಂಟೆ ಕಳೆಯಿತು. ಅವಳಿಗೆ ಮಂಡಿನೋವು, ನೆಲದಲ್ಲಿ ಹತ್ತು ನಿಮಿಷ ಕೂತರೆ ಏಳಲು ನಾನು ಬೇಕು.

"ನಾನು ಸ್ವಲ್ಪ ಹಿಡಿಯಲಾ?"

"ನೀನು ಗೋಡೆ ನೋಡು."

ನಾನು ಒಂದು ದಿಂಬು ತಂದು ಅವಳ ಮಂಡಿಯ ಕೆಳಗಿಟ್ಟೆ.

"ಒಂದು ಚಾ?"

"ಸುಮ್ಮನೆ ಕೂತುಕೊ ಮಾರಾಯ್ತಿ. ಮೈ ಗಟ್ಟಿಯಾಗುವ ಹೊತ್ತು ಇದು. ಆವರೆಗೆ ಹಿಡಿದರೆ ಆಮೇಲೆ ನಿಲ್ತದೆ."

ಅಷ್ಟೇ ಅವಳು ಹೇಳಿದ ಸೈನ್ಸು. ಅದೂ ಪಿಸುಮಾತಿನಲ್ಲಿ.

ಗೇಟಿನ ಬಳಿ ಕಾರು ನಿಂತ ಶಬ್ದವಾಯಿತು. ಟೀಚರ್ ಹತ್ತಿ ತೆಗೆದಳು. ಬಗ್ಗಿ ನೋಡಿದಳು. ಕಣ್ಣು ಮುಚ್ಚಿತ್ತು, ಗಾಢ ನಿದ್ದೆಯವರ ಹಾಗೆ. ಮುಖದ ಮೇಲಿನ ನೀರಿನ ಪಸೆಯನ್ನು ಸೆರಗಿನಿಂದ ಒರೆಸಿದಳು. ಹತ್ತಿಯನ್ನು ಬ್ಯಾಗಿಗೆ ತುರುಕಿ, ನನ್ನ ಭುಜ ಹಿಡಿದು ಎದ್ದು, ಈಚೆಯ ಬಾಗಿಲು ನಾನು ತೆರೆಯುವಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಹೊರಗೆ ನಡೆದುಬಿಟ್ಟಳು.

ಹೆಂಗಸರು ಮಗಳನ್ನು ಹಿಡಿದುಕೊಂಡು ಒಳಗೆ ಬಂದರು. ನಲವತ್ತರ ಆಸುಪಾಸಿನವಳು, ವಿಮಾನದ ಚೀಟಿ ಇನ್ನೂ ಕೈಯಲ್ಲೇ ಇತ್ತು. ಮೊದಲು ಒಬ್ಬಳು, ಆಮೇಲೆ ಎಲ್ಲರೂ: "ನೋಡು, ನೋಡು. ಬೆಳಗ್ಗಿನಿಂದ ತೆರೆದೇ ಇತ್ತು. ನೀನು ಬಂದದ್ದೇ ಮುಚ್ಚಿದರು."

"ನನ್ನನ್ನು ಕಾದರಾ?" ಎಂದಳು ಅವಳು. ಚಿಕ್ಕ ಹುಡುಗಿಯ ಸ್ವರ.

"ಕಾದರು ಮಗಳೇ."

ಅವಳು ಉಮ್ಮನ ಕೆನ್ನೆಗೆ ಕೆನ್ನೆಯಿಟ್ಟು ಅಳಲು ತೊಡಗಿದಳು. ಮಾರ್ಗದುದ್ದಕ್ಕೂ ಕಟ್ಟಿಕೊಂಡು ಬಂದ ಅಳು.

ನಾನು ಟೀಚರನ್ನು ಹುಡುಕುತ್ತಾ ಹಿಂದಿನ ಬಾಗಿಲಿಗೆ ಬಂದೆ. ಹಿತ್ತಿಲಿನಲ್ಲಿ, ಬಾವಿಕಟ್ಟೆಗೆ ಒರಗಿ, ಯಾರೋ ಕೊಟ್ಟ ಸ್ಟೀಲಿನ ಬಟ್ಟಲಲ್ಲಿ, ಟೀಚರ್ ಸೊರಸೊರ ಗಂಜಿ ಕುಡಿಯುತ್ತಿದ್ದಳು.

ನಾನು ಅಲ್ಲೇ ಹೊಸ್ತಿಲಲ್ಲಿ ಕೂತೆ.

ಉಮ್ಮ ಸತ್ತ ದಿನದ ಜೀಪಿನ ಶಬ್ದ. ಹಿಂದಿನ ಬಾಗಿಲು. ಗಂಜಿ. ಸುಕ್ಕುಗಟ್ಟಿದ ಬೆರಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದು ತುತ್ತು ತಿನ್ನದೆ, ನನ್ನ ಉಮ್ಮನ ರೆಪ್ಪೆಗಳನ್ನು ಒದ್ದೆ ಬೆರಳಿನಲ್ಲಿ ಹಿಡಿದು ತಲೆಯ ಬಳಿ ಒಬ್ಬಳೇ ಕೂತ ಹದಿಮೂರು ವರ್ಷದ ಹುಡುಗಿಗೆ ಹಸಿವಾಗದೆ ಇರುತ್ತದೆಯೇ? ಅವಳಿಗೆ ಆಗ ಯಾವ ಸ್ನಾಯು ಗೊತ್ತಿತ್ತು, ಯಾವ ಟೈಮ್‌ಟೇಬಲ್ ಗೊತ್ತಿತ್ತು? ಮಂಗಳೂರಿನಿಂದ ಬರುವವಳು ತೆರೆದ ಕಣ್ಣು ನೋಡಿ ಹೆದರಬಾರದೆಂದು ಮಾತ್ರ ಗೊತ್ತಿತ್ತು. ಕಥೆ ಕಟ್ಟಿದ್ದು ಹೆಂಗಸರು. ಅವರೂ ಸುಳ್ಳು ಹೇಳಿರಲಿಲ್ಲ, ಕಂಡದ್ದನ್ನೇ ಹೇಳಿದ್ದರು. ನಿಜ ಗೊತ್ತಿದ್ದವಳು ಒಬ್ಬಳು. ಉಗುರು, ಕೂದಲು, ನಗು, ಮಂಚದ ಭಾರ, ಊರವರ ಒಂದು ನಂಬಿಕೆಯನ್ನೂ ಉಳಿಸದವಳು, ಅರವತ್ತೊಂದು ವರ್ಷ ನನ್ನದೊಂದನ್ನು ಮಾತ್ರ ಮುಟ್ಟದೆ ಬಿಟ್ಟಿದ್ದಳು.

ಮೀಯಿಸಿ, ಕಫನ್ ಹೊದಿಸಿ, ಮಂಚ ಹೊರಟ ಮೇಲೆ ನಾವು ಆಟೋ ಹತ್ತಿದೆವು. ಟೀಚರ್ ಎಂದಿನಂತೆ ಶುರು ಮಾಡಿದಳು. ಫ್ರೀಜರ್ ಬಾಕ್ಸಿನಲ್ಲಿಟ್ಟರೆ ಮೈ ಎಷ್ಟು ಹೊತ್ತಿನಲ್ಲಿ ಗಟ್ಟಿಯಾಗುತ್ತದೆ ಇತ್ಯಾದಿ. ಕೇಳಿಸಿಕೊಳ್ಳುತ್ತಾ ಇದ್ದವಳು ನಡುವೆ ಬಾಯಿ ಹಾಕಿದೆ. ಜೀವಮಾನದಲ್ಲಿ ಅವಳೆದುರು ಹೇಳಬಾರದೆಂದು ಇಟ್ಟುಕೊಂಡದ್ದನ್ನು ಹೇಳಿದೆ.

"ಟೀಚರ್, ನಿನಗೆ ಗೊತ್ತುಂಟಾ? ನಾನು ಬಂದದ್ದೇ ನನ್ನ ಉಮ್ಮನ ಕಣ್ಣು ತಾನಾಗಿ ಮುಚ್ಚಿದ್ದಂತೆ."

ಅವಳು ಹೊರಗೆ ನೋಡಿದಳು. ತೋಟಗಳ ಸಂದಿಯಲ್ಲಿ ನೇತ್ರಾವತಿ ಕಾಣುತ್ತಿತ್ತು, ನೀರು ಕಡಿಮೆ, ಮರಳು ಜಾಸ್ತಿ.

"ಹೌದಂತೆ" ಎಂದಳು. "ಎಲ್ಲರೂ ಹೇಳ್ತಿದ್ದರು."

"ಅದಕ್ಕೆ ಸೈನ್ಸ್ ಎಂತ ಹೇಳ್ತದೆ?"

"ಸೈನ್ಸ್ ಆ ದಿವಸ ಅಲ್ಲಿ ಇರಲಿಲ್ಲ, ಕಾನ್ವೆಂಟ್."

ನಾನು ಅವಳ ಬಲಗೈಯನ್ನು ತೆಗೆದು ನನ್ನ ಮಡಿಲಲ್ಲಿಟ್ಟುಕೊಂಡೆ. ಎರಡು ಬೆರಳ ತುದಿ ಇನ್ನೂ ಬಿಳಿಚಿತ್ತು, ಸುಕ್ಕು ಹೋಗಿರಲಿಲ್ಲ. ಎಪ್ಪತ್ನಾಲ್ಕರ ಸುಕ್ಕಿನ ಮೇಲೆ ನೀರಿನ ಸುಕ್ಕು. ಆ ಎರಡನ್ನೂ ನನ್ನ ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡೆ.

"ಬಿಡು, ರಕ್ತ ಓಡುವುದಿಲ್ಲ" ಎಂದಳು.

"ಓಡದಿದ್ದರೆ ಎಂತಾಗ್ತದೆ? ಹೇಳು."

ಅವಳು ಹೇಳಿದಳು. ತುಂಬ ವಿವರವಾಗಿ, ಮೊದಲು ಮರಗಟ್ಟುವುದು, ಆಮೇಲೆ ಬಣ್ಣ ಬದಲಾಗುವುದು, ಎಲ್ಲ. ನಾನು ಒಂದು ಮಾತನ್ನೂ ಕೇಳಲಿಲ್ಲ. ಬಿ.ಸಿ. ರೋಡ್ ಬರುವವರೆಗೆ ಬಿಡಲೂ ಇಲ್ಲ.